ವಿಮಾನದ ಬಾಗಿಲಲ್ಲೇ ಪ್ಯಾರಾಚೂಟ್ ಬಿಚ್ಚಿಕೊಂಡರೆ?

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯಾದ ಟಲ್ಲಿ ಎಂಬಲ್ಲಿ 2025ರ ಸೆಪ್ಟೆಂಬರಿನಲ್ಲಿ, ಸುಮಾರು 15,000 ಅಡಿ ಎತ್ತರದಲ್ಲಿ ವಿಮಾನದ ಬಾಲಕ್ಕೆ ಸಿಕ್ಕಿಕೊಂಡು ಜೋತಾಡಿದ ಜಿಗಿತಗಾರನ ವಿಡಿಯೊ ನಮ್ಮ ಬೀದರಿನ ಚಹಾದಂಗಡಿಗಳಲ್ಲೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ನೋಡಿದವರೆಲ್ಲ ಪ್ಯಾರಾಚೂಟ್ ಕೈಕೊಟ್ಟಿತು ಎಂದರು. ನಡೆದದ್ದು ಅದಕ್ಕೆ ತದ್ವಿರುದ್ಧ. ಆತ ಹೊರಬರುವಾಗ, ಮುಖ್ಯ ಪ್ಯಾರಾಚೂಟ್ ಕೈಕೊಟ್ಟರೆ ಇರಲೆಂದು ಕಟ್ಟಿಕೊಳ್ಳುವ ಮೀಸಲು ಪ್ಯಾರಾಚೂಟಿನ ಹಿಡಿ ರೆಕ್ಕೆಯ ಹಿಂಚಿನ ಫ್ಲ್ಯಾಪ್ ಎಂಬ ಮಡಚುಫಲಕಕ್ಕೆ ಸಿಕ್ಕಿ, ತೆರೆಯಬಾರದ ಗಳಿಗೆಯಲ್ಲಿ ಅದು ತೆರೆದುಕೊಂಡಿತ್ತು. ವಾಯುಪಡೆಯಲ್ಲಿ ಪ್ಯಾರಾಚೂಟ್ ಮಡಚಿ ಕಟ್ಟುವ ವಿಭಾಗದಲ್ಲಿ ದುಡಿದು, ನಿವೃತ್ತನಾಗಿ ಊರಿಗೆ ಮರಳಿದ ನನಗೆ ಈ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಪ್ಯಾರಾಚೂಟ್ ಮಡಚಿಟ್ಟ ಬೆನ್ನಿನ ಚೀಲದ ಬಾಯಿ ಮುಚ್ಚಿ ಹಿಡಿಯುವುದು ಒಂದು ಗಿಡ್ಡ ದಾರದ ಕುಣಿಕೆ ಮತ್ತು ಅದರೊಳಗೆ ತೂರಿಸಿದ ಒಂದು ಪಿನ್, ಅಷ್ಟೆ. ದಾರ ಸವೆದು ಎಳೆ ಎದ್ದಿದ್ದರೆ, ಇಲ್ಲವೇ ಕುಣಿಕೆ ಬೇಕಾದುದಕ್ಕಿಂತ ಉದ್ದವಾಗಿ ಪಿನ್ ಸಡಿಲಗೊಂಡಿದ್ದರೆ, ಆಸನದ ಅಂಚಿಗೋ ಬಾಗಿಲ ಚೌಕಟ್ಟಿಗೋ ಬೆನ್ನು ಉಜ್ಜಿದ ಮಾತ್ರಕ್ಕೇ ಚೀಲ ಬಾಯಿ ಬಿಡಬಹುದು. ನಾನು ಹೊಸಬನಾಗಿದ್ದಾಗ, ಎರಡೇ ಎರಡು ಎಳೆ ಎದ್ದಿದ್ದ ಕುಣಿಕೆಯನ್ನು ಬದಲಿಸದೆ ಕಟ್ಟಿದ್ದಕ್ಕೆ ಮೇಲಿನವರು ಇಡೀ ಪ್ಯಾರಾಚೂಟನ್ನು ಮೇಜಿನ ಮೇಲೆ ಬಿಚ್ಚಿ, ಊಟದ ಹೊತ್ತು ಮೀರುವವರೆಗೆ ನಿಲ್ಲಿಸಿ ಮತ್ತೆ ಕಟ್ಟಿಸಿದ್ದರು. ಆಗ ಬಂದ ಸಿಟ್ಟು ಈಗಿಲ್ಲ.

ಬಾಗಿಲು ತೆರೆದಿರುವಾಗ ಒಳಗೇ ಪ್ಯಾರಾಚೂಟ್ ಬಿಚ್ಚಿಕೊಂಡರೆ ಯೋಚಿಸುತ್ತ ಕೂರಲು ಸಮಯವಿರದು. ಪ್ಯಾರಾಚೂಟಿನ ಬಟ್ಟೆ ಪೂರ್ತಿ ಒಳಗಿದ್ದರೆ ಅದನ್ನು ಎರಡೂ ಕೈಗಳಿಂದ ಎದೆಗವಚಿಕೊಂಡು ಬಾಗಿಲಿನಿಂದ ದೂರ ಸರಿಯಬೇಕು, ಪಕ್ಕದವರು ಬಾಗಿಲು ಮುಚ್ಚಿ ಪೈಲಟ್‌ಗೆ ತಿಳಿಸಬೇಕು, ಆ ವ್ಯಕ್ತಿ ವಿಮಾನದಲ್ಲೇ ಕೆಳಗಿಳಿಯಬೇಕು. ಕೊಟ್ಟ ಹಣ ದಂಡವಾಯಿತೆಂದು ಬಟ್ಟೆಯನ್ನು ಹೇಗೋ ಚೀಲಕ್ಕೆ ತುರುಕಿಕೊಂಡು ಜಿಗಿಯುವುದು ಹುಚ್ಚುತನ. ಆದರೆ ಬಟ್ಟೆ ಬಾಗಿಲು ದಾಟಿತೆಂದರೆ ಹಿಡಿದೆಳೆಯಲು ಹೋಗದೆ, ಆ ಕ್ಷಣವೇ ಅದರ ಬೆನ್ನಿಗೆ ತಾವೂ ಹೊರಬೀಳಬೇಕು. ಇದು ಕೇಳಲು ವಿಚಿತ್ರವೆನಿಸೀತು. ತೊಗರಿ ರಾಶಿಗೆ ಹೊದಿಸಿದ ತಾಡಪತ್ರಿಯೊಳಗೆ ಗಾಳಿ ಹೊಕ್ಕಾಗ ಇಬ್ಬರು ಗಟ್ಟಿ ಆಳುಗಳೇ ತತ್ತರಿಸುವುದನ್ನು ನಮ್ಮ ರೈತರು ಕಂಡಿದ್ದಾರೆ. ಜಿಗಿಯುವ ಹೊತ್ತಿಗೆ ವಿಮಾನದ ವೇಗ ಗಂಟೆಗೆ ಸುಮಾರು 150 ಕಿ.ಮೀ. ಇರುತ್ತದೆ. ತಡೆದು ನಿಂತವನನ್ನು ಆ ಬಟ್ಟೆ ಚೌಕಟ್ಟಿಗೆ ಅಪ್ಪಳಿಸಿಯೇ ಹೊರಗೆಳೆಯುತ್ತದೆ, ಬಾಲಕ್ಕೆ ಸುತ್ತಿಕೊಂಡರೆ ಒಳಗಿರುವ ಎಲ್ಲರ ಜೀವಕ್ಕೂ ಸಂಚಕಾರ.

ಟಲ್ಲಿಯಲ್ಲಿ ಆತನನ್ನು ಉಳಿಸಿದ್ದು ಒಂದು ಪುಟ್ಟ ಕೊಕ್ಕೆ ಚಾಕು. ನಮ್ಮ ಕುಡುಗೋಲಿನಂತೆ ಒಳಬಾಗಿದ್ದು, ಬೆರಳು ತಾಗದಷ್ಟು ಒಳಗೆ ಅಲಗು ಇರುವಂಥದ್ದು. ಅದರಿಂದ ಮೀಸಲು ಪ್ಯಾರಾಚೂಟಿನ 11 ಹಗ್ಗಗಳನ್ನು ಕತ್ತರಿಸಿ ಬಿಡಿಸಿಕೊಂಡು, ಮೀಸಲಿನ ಉಳಿಕೆ ತೊಡರಿಕೊಂಡಿದ್ದರೂ ಮುಖ್ಯ ಪ್ಯಾರಾಚೂಟಿನಲ್ಲಿ ನೆಲ ಮುಟ್ಟಿದ. ಬಾಲ ಜಖಂಗೊಂಡ ವಿಮಾನವನ್ನು ಪೈಲಟ್ ಸುರಕ್ಷಿತವಾಗಿ ಇಳಿಸಿದರು. ಇಂಥ ಚಾಕು ಕಡ್ಡಾಯವಲ್ಲದಿದ್ದರೂ ಜೀವ ಉಳಿಸಬಲ್ಲದು ಎಂದು ಅಲ್ಲಿನ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆ ಹೇಳಿದೆ.

ಸೂರ್ಯಕಿರಣ ವಿಮಾನಗಳ ಸದ್ದು ಕೇಳುತ್ತ ಬೆಳೆದ ನಮ್ಮೂರಿನ ಹುಡುಗ ಹುಡುಗಿಯರಿಗೆ ಆಕಾಶದ ಸೆಳೆತ ಸಹಜ. ರಜೆಯಲ್ಲಿ ದೂರದೂರುಗಳಿಗೆ ಹೋಗಿ, ಬೋಧಕರ ಎದೆಗೆ ತಮ್ಮನ್ನು ಕಟ್ಟಿಸಿಕೊಂಡು ಜಿಗಿದು ಬರುವವರಿದ್ದಾರೆ. ಅವರು ಬಾಗಿಲ ಬಳಿ ಕೈಗಳನ್ನು ತಮ್ಮ ಎದೆಪಟ್ಟಿಯ ಮೇಲೆಯೇ ಇಟ್ಟುಕೊಳ್ಳಲಿ, ಚೌಕಟ್ಟನ್ನಾಗಲಿ ಬೋಧಕರ ಯಾವುದೇ ಹಿಡಿಯನ್ನಾಗಲಿ ಮುಟ್ಟದಿರಲಿ. ವಿಮಾನ ಹತ್ತುವ ಮುನ್ನ ಮತ್ತು ಬಾಗಿಲು ತೆರೆಯುವ ಮುನ್ನ ಪಿನ್‌ಗಳನ್ನು ಪರೀಕ್ಷಿಸುವವರು ಯಾರು, ಕೊಕ್ಕೆ ಚಾಕು ಎಲ್ಲಿದೆ ಎಂದು ಹಣ ಕಟ್ಟುವ ಮೊದಲೇ ಕೇಳಲಿ. ನನ್ನ ಅಣ್ಣನ ಮಗಳು ಹಣ ಕಟ್ಟಿದ ಮೇಲೆ ಕೇಳಿದಳು. ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಕ್ಯಾಮೆರಾ ನೋಡಿ ನಕ್ಕರೆ ಸಾಕು ಎಂಬ ಉತ್ತರ ಬಂತು. ಅವಳು ಜಿಗಿಯದೆ ಬೀದರಿಗೆ ಮರಳಿದಳು; ಮುಂಗಡ ಹಣ ಮಾತ್ರ ಇನ್ನೂ ಮರಳಿಲ್ಲ.

– ನಿವೃತ್ತ ವಾಯುಪಡೆ ಸಿಬ್ಬಂದಿ, ಬೀದರ್