ಮೌಸ್ ಅಲುಗದಿದ್ದರೆ ಆಳೇ ಇಲ್ಲವೇ?

ಮಾನ್ಯ ಸಂಪಾದಕರೇ,

ನಾನು ಪ್ರೂಫ್ ನೋಡುವವಳು. ಪರದೆಯ ಮೇಲಿನ ಪುಟವನ್ನು ಕಾಗದದ ಪ್ರತಿಯ ಜೊತೆ ತಾಳೆ ನೋಡುತ್ತಾ ಕೂತಾಗ ಮೌಸ್ ಮುಟ್ಟುವ ಕೆಲಸವೇ ಇರುವುದಿಲ್ಲ. ಅಷ್ಟರಲ್ಲಿ ಪರದೆ ಲಾಕ್ ಆಗಿ ಪಾಸ್‌ವರ್ಡ್ ಕೇಳುತ್ತದೆ. ನಮ್ಮ ಕಚೇರಿಯಲ್ಲಿ ಎಲ್ಲರ ಕಂಪ್ಯೂಟರಿಗೂ 2 ನಿಮಿಷ ಇಟ್ಟಿದ್ದಾರೆ. ಅತ್ತ ಪಕ್ಕದ ಮೇಜಿನವರು ತರಬೇತಿ ವಿಡಿಯೋ ಓಡಲು ಬಿಟ್ಟು ಊಟಕ್ಕೆ ಹೋಗುತ್ತಾರೆ. ಅವರದ್ದು ಬಾಗಿಲು ತೆಗೆದಿಟ್ಟ ಮನೆಯ ಹಾಗೆ ಬಿದ್ದಿರುತ್ತದೆ!

ಇದು ಯಾಕೆ ಹೀಗೆ? ಎದುರಿಗೆ ಯಾರಾದರೂ ಕೂತಿದ್ದಾರಾ ಎಂದು ಸಾಮಾನ್ಯವಾಗಿ ಕಂಪ್ಯೂಟರ್ ನೋಡುವುದಿಲ್ಲ. ಕೀಲಿಯೋ ಮೌಸೋ ಕೊನೆಗೆ ಯಾವಾಗ ಅಲುಗಿತು ಎಂಬುದನ್ನು ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ. ಈಗಿನ ಹೊತ್ತಿನಿಂದ ಅದನ್ನು ಕಳೆದರೆ ಎಷ್ಟು ಹೊತ್ತು ಸುಮ್ಮನಿತ್ತು ಎಂದು ಸಿಗುತ್ತದೆ. ಲಿನಕ್ಸ್, ಮ್ಯಾಕ್‌ನಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ವಿಡಿಯೋ ಓಡಿಸುವ ತಂತ್ರಾಂಶಗಳು ಮಾತ್ರ ಪರದೆ ಆರಿಸಬೇಡ ಎಂದು ಮೊದಲೇ ಕೇಳಿಕೊಂಡಿರುತ್ತವೆ. ಹಲವು ಸಲ ಅದರಿಂದ ಲಾಕೂ ತಪ್ಪುತ್ತದೆ. ಓದುವವರ ಪರವಾಗಿ ಹಾಗೆ ಕೇಳುವವರು ಯಾರೂ ಇಲ್ಲ.

ಲಾಕ್ ಬೇಡ ಎನ್ನುತ್ತಿಲ್ಲ. ಆದರೆ ಕಾರ್ಡ್ ಪಾವತಿಯ ಮಾಹಿತಿ ಕಾಯಲೆಂದೇ ಮಾಡಿದ ಪಿಸಿಐ ಡಿಎಸ್‌ಎಸ್ ನಿಯಮ ಕೂಡ, 15 ನಿಮಿಷಕ್ಕಿಂತ ಜಾಸ್ತಿ ಸುಮ್ಮನಿದ್ದರೆ ಮತ್ತೆ ಲಾಗಿನ್ ಕೇಳಿ ಎನ್ನುತ್ತದೆ. ಕಾಮಾ, ಪೂರ್ಣವಿರಾಮ ಹುಡುಕುವ ನಮಗೆ 2 ನಿಮಿಷ ಯಾಕೆ? ತೀರಾ ಬಿಗಿ ಮಾಡಿದರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಮೌಸನ್ನು ತಾನೇ ಅಲುಗಿಸುತ್ತಾ ಇರುವ ಪುಟ್ಟ ಯಂತ್ರಗಳು ಮಾರಾಟಕ್ಕಿವೆ. ಅಂಥದ್ದೊಂದನ್ನು ಯಾರಾದರೂ ತಂದಿಟ್ಟರೆ ಆ ಕಂಪ್ಯೂಟರ್ ಲಾಕ್ ಆಗುವುದೇ ಇಲ್ಲ, ಅಲ್ವಾ?

ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವವರು ಓದುವ ಕೆಲಸದ ಮೇಜುಗಳಿಗೆ 10 ನಿಮಿಷವಾದರೂ ಕೊಡಲಿ. ಲಿನಕ್ಸ್‌ನಲ್ಲಿ ಪರದೆ, ಕಿಟಕಿಗಳನ್ನು ನೋಡಿಕೊಳ್ಳುವ ಗ್ನೋಮ್ ಎಂಬ ತಂತ್ರಾಂಶದಲ್ಲಿ, ಪರದೆ ಕಪ್ಪಾದ ಎಷ್ಟು ಹೊತ್ತಿಗೆ ಲಾಕ್ ಬೀಳಬೇಕು ಎಂದು ಬೇರೆಯಾಗಿ ಹೇಳಬಹುದು. ಆ ನಡುವೆ ಮೌಸ್ ಮುಟ್ಟಿದರೆ ಪಾಸ್‌ವರ್ಡ್ ಇಲ್ಲದೆ ಕೆಲಸಕ್ಕೆ ಮರಳಬಹುದು. ಇಂಥ ಸಣ್ಣ ಬಿಡುವು ಇದ್ದರೂ ನನಗೆ ಸಾಕು. ಎದ್ದು ಹೋಗುವವರಿಗೆ ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತುವುದನ್ನು ಸೇರಿದ ದಿನವೇ ಹೇಳಿಕೊಡಲಿ. ಅದನ್ನೂ ಮರೆಯುವವರಿಗೆ 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಡೈನಾಮಿಕ್ ಲಾಕ್ ಇದೆ. ಬ್ಲೂಟೂತ್‌ನಿಂದ ಜೋಡಿಸಿದ ಫೋನು ದೂರ ಹೋದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಲಾಕ್ ಮಾಡುತ್ತದೆ. ಪಕ್ಕದ ಮೇಜಿನವರು ಊಟಕ್ಕೆ ಹೋಗುವಾಗಲೂ ಫೋನು ಬಿಡುವವರಲ್ಲ.

– ಒಬ್ಬಳು ಓದುಗಿ