ಎಲ್ಲರೂ ಒಂದೇ ಕಡೆ ಕೂತಿದ್ದಿರಿ

ಕೂಸೇ,

ಭಾನುವಾರ ಫೋನ್ ಕಟ್ ಆಗಿದ್ದು ನೆಟ್‌ವರ್ಕ್‌ನಿಂದ ಅಲ್ಲ. ನಾನೇ ಇಟ್ಟೆ. ‘ಜೂನ್‌ನಿಂದ ಪ್ರತಿ ಶನಿವಾರ ನ್ಯೂಪೋರ್ಟ್‌ಗೆ ಹೋಗಿ ಹಾಯಿದೋಣಿ ನಡೆಸೋದು ಕಲೀತೀನಿ, ದುಡ್ಡೂ ಕಟ್ಟಿಯಾಯ್ತು’ ಅಂದೆಯಲ್ಲ, ಆಮೇಲೆ ನನ್ನ ಬಾಯಿಂದ ಏನು ಬರುತ್ತಿತ್ತೋ ಅಂತ ನನಗೇ ಭಯವಾಯಿತು. ಬರೆದರೆ ಹೊಡೆದು ಹಾಕಬಹುದು. ಅದಕ್ಕೇ ಕಾಗದ.

ಕಳೆದ ಆಗಸ್ಟ್‌ನಲ್ಲಿ ನಾವು ಅಮೆರಿಕದ ಆ ಕಡಲತೀರದ ಊರಿಗೆ ಹೋಗಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. 70 ಕೋಣೆಯ ಬ್ರೇಕರ್ಸ್ ಬಂಗಲೆಗೆ ಅದರ ಯಜಮಾನರು ‘ಕಾಟೇಜು’ ಅನ್ನುತ್ತಿದ್ದರು ಅಂತ ಕೇಳಿ ನಕ್ಕಿದ್ದು, ಕಡಲಂಚಿನ ಕ್ಲಿಫ್ ವಾಕ್ ಹಾದಿಯಲ್ಲಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿದ್ದು, ಈಸ್ಟನ್ಸ್ ಬೀಚಿನ ತಣ್ಣನೆ ನೀರಿಗೆ ಕಾಲಿಟ್ಟು ನಾನು ಹೌಹಾರಿದ್ದು, ಎಲ್ಲ ನಿನಗೂ ನೆನಪಿದೆ. ನಾನು ಹೇಳಬೇಕಾದ್ದು ಫೋರ್ಟ್ ಆಡಮ್ಸ್ ಕೋಟೆಯ ಹುಲ್ಲಿನ ಮೇಲೆ ಕೂತ ಆ ಒಂದೂವರೆ ಗಂಟೆಯ ವಿಷಯ.

ಮೊದಲು ಚೆನ್ನಾಗೇ ಇತ್ತು. ಬಂದರಿನಿಂದ ನಿಮ್ಮ ದೋಣಿ ಮೆಲ್ಲಗೆ ಬಂತು, ನೀನು ಕೈ ಬೀಸಿದೆ. ಕೋಟೆಯ ಮೂಲೆ ದಾಟಿದ್ದೇ ಗಾಳಿ ಹಿಡಿಯಿತು ನೋಡು, ಒಂದೇ ಸಲಕ್ಕೆ ವಾಲಿತು. ಒಂದು ಅಂಚು ನೀರು ಮುಟ್ಟುತ್ತಿದೆ, ಇನ್ನೊಂದು ಮೇಲೆದ್ದು ನಿಂತಿದೆ. ನೀವೆಲ್ಲ ಒಂದೇ ಕಡೆ ಸಾಲಾಗಿ ಕೂತಿದ್ದೀರಿ! ನಾನು ಎದ್ದು ಕೂಗಿದೆ. ಕನ್ನಡದಲ್ಲೇ. ‘ಒಂದೇ ಕಡೆ ಕೂರಬೇಡ್ರೋ, ಈಚೆ ಬನ್ನಿ!’ ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ನಿನ್ನ ರೂಮ್‌ಮೇಟ್ ಪಾಪ, ನನ್ನ ಕೈ ಹಿಡಿದು ಕೂರಿಸಿದಳು.

ಆ ಮಾತು ನನ್ನದಲ್ಲ. ಲಾಂಚಿನವನದು. ಸೇತುವೆ ಆಗುವ ಮುಂಚೆ ಹೊನ್ನಾವರದಲ್ಲಿ ಶರಾವತಿ ದಾಟಲು ಲಾಂಚೇ ಗತಿ. ನನಗೆ ಎಂಟು ವರ್ಷ. ಕಾಸರಕೋಡಿನ ಕಡೆಯಿಂದ ಬರುತ್ತಿದ್ದೆವು. ಮಳೆಗಾಲದ ಕೆಂಪು ನೀರು. ಯಾರದೋ ಕೊಡೆ ನೀರಿಗೆ ಬಿತ್ತು. ನೋಡಲು ಎಲ್ಲರೂ ಒಂದೇ ಬದಿಗೆ ನುಗ್ಗಿದರು. ಲಾಂಚು ವಾಲಿತು, ನನ್ನ ಕಾಲ ಕೆಳಗಿನ ಹಲಗೆ ಜಾರುಬಂಡೆಯಾಯಿತು. ಅವನು ‘ಒಂದೇ ಕಡೆ ಬರಬೇಡ್ರೋ’ ಅಂತ ಕೂಗಿದ್ದು, ಅಮ್ಮಮ್ಮ ನನ್ನ ಜಡೆ ಹಿಡಿದು ಎಳೆದದ್ದು. ಏನೂ ಆಗಲಿಲ್ಲ. ಯಾರೂ ಬೀಳಲಿಲ್ಲ. ಕೊಡೆ ಕೂಡ ಸಿಕ್ಕಿತು. ಆದರೆ ಸಮುದ್ರದ ಪಕ್ಕದಲ್ಲೇ ಬೆಳೆದ ನಾನು ಈಜು ಕಲಿಯಲಿಲ್ಲ, ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯಲಿಲ್ಲ, ನಿನ್ನನ್ನೂ ಇಳಿಯಲು ಬಿಡಲಿಲ್ಲ.

ನೀನು ದಡಕ್ಕೆ ಬಂದ ಮೇಲೆ ನಾಲ್ಕು ಜನರ ಎದುರು ಬೈದಿದ್ದು ತಪ್ಪು. ಬೈದಿದ್ದು ತಪ್ಪಲ್ಲ, ನಾಲ್ಕು ಜನರ ಎದುರು ಬೈದಿದ್ದು. ವಾಪಸ್ ಬರುವಾಗ ಆ ಉದ್ದದ ಪೆಲ್ ಸೇತುವೆ ಮುಗಿಯುವವರೆಗೂ ನೀನು ಒಂದು ಮಾತೂ ಆಡಲಿಲ್ಲ. ನಾನು ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ. ಅಷ್ಟು ಮೇಲಿನಿಂದ ದೋಣಿಗಳೆಲ್ಲ ಮಲ್ಲಿಗೆ ಮೊಗ್ಗು ಉದುರಿದ ಹಾಗೆ ಕಾಣುತ್ತಿದ್ದವು. ಅವೂ ವಾಲಿಕೊಂಡೇ ಇದ್ದವು. ಮತ್ತೆ ಅಲ್ಲಿಗೇ ಬಂದೆ ನೋಡು.

ಊರಿಗೆ ಬಂದ ಮೇಲೆ ಓದಿದೆ. ಟೀಚರ್ ಬುದ್ಧಿ, ರಿಟೈರ್ ಆದರೂ ಹೋಗುವುದಿಲ್ಲ. ಆ ದೋಣಿಗಳ ಅಡಿಯಲ್ಲಿ ಕೀಲ್ ಅಂತ ಭಾರದ ರೆಕ್ಕೆ ಇರುತ್ತದೆಯಂತೆ, ವಾಲಿದಷ್ಟೂ ಅದು ಎಳೆದು ನಿಲ್ಲಿಸುತ್ತದೆಯಂತೆ. ಜನ ಗಾಳಿ ಬರುವ ಬದಿಗೇ ಸಾಲಾಗಿ ಕೂರಬೇಕಂತೆ. ಅಂದರೆ ನೀವು ಕೂತಿದ್ದೇ ಸರಿ. 132 ವರ್ಷ ಅಮೆರಿಕದವರ ಕೈ ಬಿಡದ ‘ಅಮೆರಿಕಾಸ್ ಕಪ್’ ಅನ್ನೋ ಹಾಯಿದೋಣಿ ಪಂದ್ಯದ ಟ್ರೋಫಿಯನ್ನು 1983ರಲ್ಲಿ ಅದೇ ನ್ಯೂಪೋರ್ಟ್‌ನಲ್ಲಿ ಆಸ್ಟ್ರೇಲಿಯಾದವರು ಗೆದ್ದರಲ್ಲ, ಅವರ ಕೀಲ್ ಹೊಸ ತರಹದ್ದಂತೆ. ಸ್ಪರ್ಧೆ ಮುಗಿಯುವವರೆಗೂ ಪರದೆ ಕಟ್ಟಿ ಮುಚ್ಚಿಟ್ಟಿದ್ದರಂತೆ. ಇಷ್ಟೆಲ್ಲ ಓದಿಯೂ ಭಾನುವಾರ ನಿನ್ನ ಮಾತು ಕೇಳಿದಾಗ ನನಗೆ ಕಂಡಿದ್ದು ಆ ಕೊಡೆಯೇ.

ಇನ್ನು ಕೆಲವು ಮಾತು, ಸಿಟ್ಟಾಗಬೇಡ. ಅಲ್ಲೂ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ನೈಋತ್ಯದ ಗಾಳಿ ಏಳುತ್ತದೆಯಂತೆ, ಬೆಳಿಗ್ಗೆ ಕಲಿಯಲು ಕೇಳಿಕೋ. ಜೂನ್ ಬಿಸಿಲು ನೋಡಿ ಮೋಸ ಹೋಗಬೇಡ, ನೀರಿನ ಚಳಿ ಅಷ್ಟು ಬೇಗ ಬಿಡುವುದಿಲ್ಲ. ಹಾಯಿಯ ಕೆಳಗಿನ ಆ ಅಡ್ಡ ಕೋಲು, ಬೂಮ್, ದೋಣಿ ತಿರುಗುವಾಗ ಬೀಸಿಕೊಂಡು ಬರುತ್ತದೆ, ತಲೆ ತಗ್ಗಿಸು. ಲೈಫ್ ಜಾಕೆಟ್ ಬರೀ ಹಾಕಿಕೊಂಡರೆ ಸಾಲದು, ಪಟ್ಟಿ ಬಿಗಿ ಮಾಡಬೇಕು. ಮತ್ತೆ ಆ ಊರೆಂದರೆ ಹಾಯಿ, ಬೀಚು, ಬಂಗಲೆ ಅಷ್ಟೇ ಅಲ್ಲ. 18ನೇ ಶತಮಾನದಲ್ಲಿ ಅಲ್ಲಿಂದಲೇ ರಮ್ ತುಂಬಿದ ಹಡಗುಗಳು ಆಫ್ರಿಕಾಕ್ಕೆ ಹೋಗಿ ಜನರನ್ನು ಕೊಂಡು ಸಾಗಿಸುತ್ತಿದ್ದವು. ಅಲ್ಲಿನ ಕಪ್ಪು ಜನರ ಹಳೆಯ ಸ್ಮಶಾನ, ಗಾಡ್ಸ್ ಲಿಟಲ್ ಏಕರ್, ಹೊತ್ತಾಯಿತು ಅಂತ ಆವತ್ತು ಬಿಟ್ಟೆವು. ಒಂದು ಶನಿವಾರ ಹೋಗಿ ಕಲ್ಲಿನ ಮೇಲಿನ ಹೆಸರುಗಳನ್ನು ಓದು. ಪಾಠ ಶುರುವಾಯಿತು ಅಂತ ನಗುತ್ತಿದ್ದೀಯಾ? ನಗು.

ಪಕ್ಕದ ಮನೆಯವರಿಗೆ ‘ನಮ್ಮ ಕೂಸು ಅಮೆರಿಕದಲ್ಲಿ ಹಾಯಿದೋಣಿ ನಡೆಸುತ್ತಾಳೆ’ ಅಂತ ಆಗಲೇ ಹೇಳಿಬಿಟ್ಟಿದ್ದೇನೆ. ಫೋನ್ ಇಟ್ಟ ಮರುದಿನವೇ. ಅವರು ‘ನಿಮಗೆ ಭಯ ಆಗೋದಿಲ್ವಾ?’ ಅಂತ ಕೇಳಿದರು. ‘ಅದರಲ್ಲೇನು ಭಯ, ಕೀಲ್ ಇರುತ್ತದೆ’ ಅಂದೆ.

ಮೊದಲು ಈಜು ಕಲಿ. ಅದರ ದುಡ್ಡು ನಾನು ಕಳಿಸುತ್ತೇನೆ, ಬೇಡ ಅನ್ನಬೇಡ. ಶನಿವಾರ ದೋಣಿಯಿಂದ ಇಳಿದ ತಕ್ಷಣ ಫೋನ್ ಮಾಡು. ಇಲ್ಲಿ ರಾತ್ರಿಯಾಗಿರುತ್ತದೆ. ಎದ್ದೇ ಇರುತ್ತೇನೆ.

ನಿನ್ನ
ಆಯಿ