ಮ್ಯಾಗ್ನೆಟ್ ಗೋಲಿಗಳ ಮಾರಾಟಕ್ಕೆ ನಿಯಮ ಬೇಕು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ರಾತ್ರಿ ನಾನು, ಮಗ ಮತ್ತು ಸೊಸೆ ಊಟದ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ಕಾಳುಮೆಣಸಿನ ಗಾತ್ರದ ಮ್ಯಾಗ್ನೆಟ್ ಗೋಲಿಗಳನ್ನು ಎಣಿಸುತ್ತ ಕುಳಿತಿದ್ದೆವು. ಒಂಬತ್ತು ವರ್ಷದ ಮೊಮ್ಮಗನಿಗೆ ಅವನ ಸೋದರಮಾವ ಪ್ರೀತಿಯಿಂದ ಆನ್‌ಲೈನ್‌ನಲ್ಲಿ ತರಿಸಿಕೊಟ್ಟ ಡಬ್ಬಿಯಲ್ಲಿ ಇಂಥ 216 ಗೋಲಿಗಳಿದ್ದವು. ಅಂದು ಸಂಜೆ ಎರಡೂವರೆ ವರ್ಷದ ಮೊಮ್ಮಗಳ ಬಾಯಿಂದ ಒಂದು ಗೋಲಿಯನ್ನು ಸೊಸೆ ಬೆರಳು ಹಾಕಿ ತೆಗೆದಿದ್ದಳು. ಅವನ್ನು ಎಣಿಸುವುದೂ ಸುಲಭದ ಕೆಲಸವಲ್ಲ. ಒಂದನ್ನು ಎತ್ತಿದರೆ ಹತ್ತು ಸರದಂತೆ ಹಿಂದೆಯೇ ಬರುತ್ತವೆ. ಮೂರು ಸಲ ಎಣಿಸಿದರೂ ಲೆಕ್ಕ 213ಕ್ಕೇ ನಿಂತಿತು. ಒಂದು ಗೋಲಿ ಕಬ್ಬಿಣದ ಬೀರುವಿನ ಬಾಗಿಲ ಸಂದಿಯಲ್ಲಿ ಸಿಕ್ಕಿತು, ಎರಡು ಸಿಗಲಿಲ್ಲ. ಮಗು ಆಡಿಕೊಂಡೇ ಇತ್ತು. ಆದರೂ ರಾತ್ರಿ ಹನ್ನೊಂದರ ಹೊತ್ತಿಗೆ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು.

ಎಕ್ಸ್‌ರೇಯನ್ನು ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ತೆಗೆದರು. ಒಂದರ ಹಿಂದೊಂದು ಅಂಟಿಕೊಂಡ ಗೋಲಿಗಳು ಒಂದೇ ಕೋನದಿಂದ ನೋಡಿದರೆ ಒಂದೇ ಗೋಲಿಯಂತೆ ಕಾಣುತ್ತವೆಯೆಂದು ವೈದ್ಯರು ವಿವರಿಸಿದರು. ಮಗುವಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮೂರನೆಯ ದಿನ ಆ ಎರಡೂ ಗೋಲಿಗಳು ಹೊಲಿಗೆ ಯಂತ್ರದ ಪೆಡಲಿನ ಹಿಂಬದಿಯಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಕುಳಿತಿದ್ದವು. ಬೆರಳಿನಿಂದ ಬಿಡಿಸಲು ಹೋದರೆ ಉಗುರು ನೋಯುವಷ್ಟು ಬಿಗಿ. ಆ ಬಿಗಿ ಒಂದು ಕೂಸಿನ ಕರುಳಿನೊಳಗೆ ಇದ್ದಿದ್ದರೆ ಎಂಬ ಯೋಚನೆಯೇ ಈ ಪತ್ರವನ್ನು ಬರೆಸುತ್ತಿದೆ.

ನಾಣ್ಯವನ್ನೋ ಗಾಜಿನ ಗೋಲಿಯನ್ನೋ ನುಂಗಿದ ಮಗು ಹೆಚ್ಚಿನ ಸಲ ಅದನ್ನು ಮಲದಲ್ಲಿ ಹೊರಹಾಕುತ್ತದೆ. ನಮ್ಮ ಹಿರಿಯರು ಬಾಳೆಹಣ್ಣು ತಿನ್ನಿಸಿ ಕಾಯುತ್ತಿದ್ದುದು ಈ ಅನುಭವದ ಮೇಲೆಯೇ. ನಿಯೋಡಿಮಿಯಮ್ ಎಂಬ ಲೋಹ ಬೆರೆತ ಈ ಮ್ಯಾಗ್ನೆಟ್‌ಗಳ ವಿಷಯದಲ್ಲಿ ಆ ಅನುಭವ ಕೆಲಸಕ್ಕೆ ಬರುವುದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ನಾವು ಕಂಡ ಕುದುರೆ ಲಾಳದ ಆಕಾರದ ಅಯಸ್ಕಾಂತಕ್ಕೂ ಇವುಗಳ ಸೆಳೆತಕ್ಕೂ ಹೋಲಿಕೆಯೇ ಇಲ್ಲ. ಮಗು ಈಗೊಂದು, ಸ್ವಲ್ಪ ಹೊತ್ತಿನ ಮೇಲೊಂದು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದುಕೊಂಡೇ ಒಂದನ್ನೊಂದು ಸೆಳೆದು, ನಡುವಿನ ಕರುಳಿನ ಗೋಡೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಹಾಗೆ ಅಮುಕಿದ ಜಾಗಕ್ಕೆ ರಕ್ತ ಹರಿಯುವುದು ನಿಂತು, ಅದು ಸತ್ತು, ತೂತಾಗಿ, ಕರುಳಿನ ಹೊಲಸು ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ಒಂದೇ ಗೋಲಿಯ ಜೊತೆ ಕಬ್ಬಿಣದ ಚೂರೊಂದು ಹೋಗಿದ್ದರೂ ಇದೇ ಆಗಬಹುದು. ಇಷ್ಟೆಲ್ಲ ಒಳಗೆ ನಡೆಯುವಾಗ ಹೊರಗೆ ಕಾಣುವುದು ವಾಂತಿ, ಹೊಟ್ಟೆನೋವು, ಸಣ್ಣ ಜ್ವರ ಮಾತ್ರ. ಅಜೀರ್ಣವೆಂದೋ ಜಂತುಹುಳುವೆಂದೋ ಎರಡು ದಿನ ಕಳೆದುಹೋಗುವುದು ತೀರಾ ಸಹಜ. ಗೋಲಿಗಳು ಜಠರದಲ್ಲಿರುವಾಗಲೇ ತಿಳಿದರೆ ಎಂಡೋಸ್ಕೋಪಿಯಲ್ಲಿ ತೆಗೆಯಬಹುದಾದದ್ದು, ಆ ಎರಡು ದಿನಗಳಲ್ಲಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಗೆ ಬಂದು ನಿಲ್ಲುತ್ತದೆ.

ನಮ್ಮ ದೇಶದಲ್ಲಿ ಆಟಿಕೆಗಳಿಗೆ ನಿಯಮವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ, 2020 ಜಾರಿಗೆ ಬಂದ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೆ ನಮ್ಮ ಮನೆಗೆ ಬಂದ ಡಬ್ಬಿಯ ತಳದಲ್ಲಿ, ನನ್ನ ಕನ್ನಡಕಕ್ಕೂ ನಿಲುಕದಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು 14 ವರ್ಷ ಮೀರಿದವರಿಗೆ ಎಂದೂ ಕಚೇರಿಯ ಮೇಜಿನ ಮೇಲಿಟ್ಟುಕೊಂಡು ಮನಸ್ಸಿನ ಒತ್ತಡ ಕಳೆಯುವ ವಸ್ತು ಎಂದೂ ಬರೆದಿತ್ತು. ಐಎಸ್‌ಐ ಗುರುತು ಎಲ್ಲಿಯೂ ಇರಲಿಲ್ಲ. ಬಣ್ಣಬಣ್ಣದ ಗೋಲಿಗಳನ್ನು ಕಂಡರೆ ಯಾವ ಮಗು ತಾನೇ ಅದನ್ನು ಕಚೇರಿಯ ಸಾಮಾನೆಂದುಕೊಂಡೀತು?

ಈ ದಾರಿಯನ್ನು ಅಮೆರಿಕ ನಮಗಿಂತ ಮೊದಲೇ ತುಳಿದು ಪೆಟ್ಟು ತಿಂದಿದೆ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2012ರಲ್ಲಿ ಇಂಥ ಗೋಲಿಗಳ ಮಾರಾಟಗಾರರ ಮೇಲೆ ಕ್ರಮಕ್ಕಿಳಿದು, 2014ರಲ್ಲಿ ನಿಯಮವನ್ನೂ ಮಾಡಿತು. 2016ರಲ್ಲಿ ನ್ಯಾಯಾಲಯವೊಂದು ಆ ನಿಯಮವನ್ನು ರದ್ದುಪಡಿಸಿದ ಬಳಿಕ, ಮಕ್ಕಳು ಮ್ಯಾಗ್ನೆಟ್ ನುಂಗಿದ್ದಾರೆಂದು ಅಲ್ಲಿನ ವಿಷ ನಿಯಂತ್ರಣ ಕೇಂದ್ರಗಳಿಗೆ ಬರುವ ಕರೆಗಳು ಹಲವು ಪಟ್ಟು ಏರಿದವು. 2017ರಿಂದ 2021ರವರೆಗೆ ವರ್ಷಕ್ಕೆ ಸುಮಾರು 2,400 ಮಂದಿ ಮ್ಯಾಗ್ನೆಟ್ ನುಂಗಿ ತುರ್ತು ಚಿಕಿತ್ಸೆಗೆ ಬಂದರೆಂಬುದು ಆಯೋಗದ್ದೇ ಅಂದಾಜು. ಕೊನೆಗೆ 2022ರಲ್ಲಿ ಹೊಸ ನಿಯಮ ಬಂತು. ಆಟಕ್ಕಾಗಲಿ, ಅಲಂಕಾರಕ್ಕಾಗಲಿ, ಒತ್ತಡ ಕಳೆಯಲಾಗಲಿ ಮಾರುವ ಬಿಡಿ ಮ್ಯಾಗ್ನೆಟ್ ನುಂಗುವಷ್ಟು ಚಿಕ್ಕದಿದ್ದರೆ ಅದರ ಸೆಳೆತದ ಸೂಚ್ಯಂಕ 50ಕ್ಕಿಂತ ಕಡಿಮೆಯಿರಬೇಕು ಎನ್ನುತ್ತದೆ ಆ ನಿಯಮ. ಡಬ್ಬಿಯ ಮೇಲೆ ಯಾರ ವಯಸ್ಸು ಬರೆದಿದ್ದರೂ ಅದು ಲೆಕ್ಕಕ್ಕಿಲ್ಲ. ನಮಗೂ ಬೇಕಾಗಿರುವುದು ಇಂಥದೇ ನಿಯಮ.

ಆಸ್ಟ್ರೇಲಿಯ 2012ರಲ್ಲಿಯೂ ನ್ಯೂಜಿಲೆಂಡ್ 2013ರಲ್ಲಿಯೂ ಇಂಥ ಗೋಲಿಗಳ ಮಾರಾಟವನ್ನೇ ನಿಷೇಧಿಸಿದವು. ಹಾಗಿದ್ದೂ ನ್ಯೂಜಿಲೆಂಡ್‌ನ 13 ವರ್ಷದ ಹುಡುಗನೊಬ್ಬ ಆನ್‌ಲೈನ್‌ನಲ್ಲಿ ತರಿಸಿದ 80ರಿಂದ 100 ಮ್ಯಾಗ್ನೆಟ್‌ಗಳನ್ನು ನುಂಗಿ, ಕರುಳಿನ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗಿ ಬಂದ ಪ್ರಕರಣವನ್ನು ಅಲ್ಲಿನ ವೈದ್ಯರು 2025ರಲ್ಲಿ ವರದಿ ಮಾಡಿದ್ದಾರೆ. ಅಂಗಡಿಯ ಕಪಾಟನ್ನು ಮಾತ್ರ ಕಾಯ್ದರೆ ಸಾಲದು, ಮೊಬೈಲಿನಲ್ಲಿ ತೆರೆದುಕೊಳ್ಳುವ ಮಳಿಗೆಗಳನ್ನೂ ಕಾಯಬೇಕು. ಹದಿಹರೆಯದವರೂ ಇದರಿಂದ ಹೊರತಲ್ಲ. ಮೂಗುತಿಯಂತೆಯೋ ನಾಲಿಗೆಗೆ ಚುಚ್ಚಿಸಿಕೊಂಡಂತೆಯೋ ಕಾಣಲೆಂದು ಎರಡು ಗೋಲಿಗಳನ್ನು ಆಚೀಚೆ ಅಂಟಿಸಿಕೊಂಡು ಫೋಟೊ ತೆಗೆಯುವಾಗ ಅವು ಜಾರಿ ಗಂಟಲಿಗಿಳಿದ ಪ್ರಸಂಗಗಳ ಬಗ್ಗೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2021ರಲ್ಲಿಯೇ ಎಚ್ಚರಿಸಿತ್ತು.

ಆದ್ದರಿಂದ ಕೇಂದ್ರ ಸರ್ಕಾರವು ಬಿಡಿ ಮ್ಯಾಗ್ನೆಟ್ ಗೋಲಿಗಳನ್ನು, ಅವುಗಳ ಮೇಲೆ ಯಾವ ವಯಸ್ಸು ಬರೆದಿದ್ದರೂ, ಆಟಿಕೆಗಳ ಆದೇಶದ ವ್ಯಾಪ್ತಿಗೆ ತರಬೇಕೆಂದು ನಾನು ಒತ್ತಾಯಿಸುತ್ತೇನೆ. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯುವಂತೆ ಆದೇಶಿಸುವ ಅಧಿಕಾರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಇದೆ. ಅದನ್ನು ಇಲ್ಲಿ ಬಳಸಲಿ. ಇಂಥ ಡಬ್ಬಿ ಕಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಅಲ್ಲಿಯವರೆಗೆ ಈ ಗೋಲಿಗಳು ಮನೆಯಲ್ಲಿರುವ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗು ನುಂಗಿರಬಹುದೆಂಬ ಅನುಮಾನ ಬಂದರೆ ಬಾಳೆಹಣ್ಣು, ಹರಳೆಣ್ಣೆ ಕೊಡಬೇಡಿ, ವಾಂತಿ ಮಾಡಿಸಬೇಡಿ, ಮಲದಲ್ಲಿ ಬರಲೆಂದು ಕಾಯಬೇಡಿ. ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ದು, ಬಾಗಿಲಲ್ಲೇ ‘ಮ್ಯಾಗ್ನೆಟ್’ ಎಂಬ ಪದವನ್ನು ಹೇಳಿ, ಸಾಧ್ಯವಾದರೆ ಉಳಿದ ಗೋಲಿಗಳಲ್ಲಿ ಒಂದನ್ನು ವೈದ್ಯರಿಗೆ ತೋರಿಸಿ. ಮಗು ಆಗ ನಗುತ್ತ ಆಡುತ್ತಿದ್ದರೂ ಸರಿಯೇ.

ಇಂತಿ,
ಒಬ್ಬ ಓದುಗ,
ದಾವಣಗೆರೆ